ನಿಂತು ತಿಂದ ಊರುಗಳು

ಶನಿವಾರ ರಾತ್ರಿ ಮೊದಲು ಒಳಗೆ ಬರುತ್ತಿದ್ದುದು ಎಣ್ಣೆಯಲ್ಲಿ ಕೆಂಪಗಾದ ಈರುಳ್ಳಿಯ ವಾಸನೆ, ಆಮೇಲೆ ಅಪ್ಪ. ಮಂಡ್ಯದ ಬೆಲ್ಲದ ಮಂಡಿಯೊಂದರಲ್ಲಿ ಅವರು ಗುಮಾಸ್ತರು. ವಾರವೆಲ್ಲ ಅಲ್ಲೇ ಒಂದು ಕೋಣೆಯಲ್ಲಿ ಇರುತ್ತಿದ್ದರು. ಶನಿವಾರ ಸಂಜೆ ಪ್ಯಾಸೆಂಜರ್ ರೈಲು ಹತ್ತಿ ಮದ್ದೂರಿನಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದು ಮಳವಳ್ಳಿಗೆ ಬಂದು, ಅಲ್ಲಿಂದಾಚೆಗೆ ನಮ್ಮ ಹಳ್ಳಿಗೆ ನಡೆದು ಬರುತ್ತಿದ್ದರು. ಕೈಚೀಲದಲ್ಲಿ ಹಳೇ ಪೇಪರಿನ ಒಂದು ಪೊಟ್ಟಣ, ಅದರೊಳಗೆ ಎರಡು ಮದ್ದೂರು ವಡೆ.

ಆ ರಾತ್ರಿ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಬೆಳಿಗ್ಗೆ ಅವ್ವ ರೊಟ್ಟಿ ಸುಡುವ ಕಾವಲಿಯನ್ನು ಒಲೆಗಿಟ್ಟು, ಎಣ್ಣೆ ಸೋಕಿಸದೆ, ವಡೆಯನ್ನು ಎರಡೂ ಮಗ್ಗುಲು ತಿರುವಿ ತಿರುವಿ ಬೆಚ್ಚಗೆ ಮಾಡುತ್ತಿದ್ದಳು. ಒಂದು ಇಡಿಯಾಗಿ ಅಜ್ಜಿಗೆ. ಅಜ್ಜಿಗೆ ಹಲ್ಲಿರಲಿಲ್ಲ. ನಡುವಿನ ಮೆತ್ತನೆಯದನ್ನು ಬೆರಳಲ್ಲಿ ಕಿತ್ತು ಬಾಯಿಗೆ ಹಾಕಿಕೊಂಡು, ಸುತ್ತಲಿನ ಗರಿಗರಿ ಅಂಚನ್ನು ಬಳೆ ಹಿಡಿದ ಹಾಗೆ ಹಿಡಿದು ನಮ್ಮತ್ತ ಚಾಚುತ್ತಿದ್ದಳು. ಇನ್ನೊಂದು ವಡೆ ನಾಲ್ಕು ತುಂಡಾಗುತ್ತಿತ್ತು. ಮಕ್ಕಳಾದ ನಮ್ಮ ಮೂವರಿಗೆ ಮೂರು, ಅವ್ವನಿಗೆ ಒಂದು. ಅಪ್ಪ ತಿನ್ನುತ್ತಿರಲಿಲ್ಲ. "ನಾನು ಅಲ್ಲೇ ತಿಂದ್ಕ ಬಂದಿವ್ನಿ" ಅನ್ನುತ್ತಿದ್ದರು. ಅವ್ವ ತನ್ನ ತುಂಡನ್ನು ಕೊನೆಯಲ್ಲಿ ತಿಂದು, ಬೆರಳಿಗಂಟಿದ ಎಣ್ಣೆಯನ್ನು ಮುಂಗೈಗೆ ಒರೆಸಿಕೊಳ್ಳುತ್ತಾ ಒಂದೇ ಮಾತು ಕೇಳುತ್ತಿದ್ದಳು: "ಬಿಸೀದು ಎಂಗಿರ್ತದೋ."

ಆ ಪ್ರಶ್ನೆಗೆ ಅಪ್ಪನಿಂದ ಉತ್ತರ ಬಂದದ್ದು ನನಗೆ ಹತ್ತು ವರ್ಷವಾದಾಗ, ಎಪ್ಪತ್ತರ ದಶಕದ ನಡುವಿನ ಒಂದು ಬೇಸಗೆಯಲ್ಲಿ. ಮಂಡ್ಯದಲ್ಲಿ ನಂಟರ ಮದುವೆಯಿತ್ತು. ಮಳವಳ್ಳಿಯಲ್ಲಿ ಬಸ್ಸು ಹತ್ತಿ ಮದ್ದೂರಿಗೆ ಬಂದು, ಅಲ್ಲಿಂದ ಮಂಡ್ಯಕ್ಕೆ ಬಸ್ಸಿದ್ದರೂ ಅಪ್ಪ ನಮ್ಮನ್ನು ರೈಲು ನಿಲ್ದಾಣಕ್ಕೆ ನಡೆಸಿಕೊಂಡು ಹೋದರು. ಅವ್ವನಿಗೆ ಕಾರಣ ಗೊತ್ತಾಗಲಿಲ್ಲ. ರೈಲು ಬರುವುದಕ್ಕೆ ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರಮ್ಮಿನ ಉಪಾಹಾರ ಮಂದಿರದ ಹಿಂದಿನ ಕಿಟಕಿಗೆ ಅಪ್ಪ ನನ್ನನ್ನು ಎತ್ತಿ ಹಿಡಿದರು.

ಒಳಗೆ ಸೌದೆ ಒಲೆಯ ಮೇಲೆ ಅಗಲವಾದ ಬಾಣಲೆ. ಅದರ ಮುಂದೆ ಬನಿಯನ್ನಿನ ಒಬ್ಬರು ಕುಕ್ಕರಗಾಲಲ್ಲಿ ಕೂತಿದ್ದರು. ಪಕ್ಕದ ಬೇಸಿನ್ನಿನಲ್ಲಿ ಕಲಸಿದ ಹಿಟ್ಟು. ಚಿರೋಟಿ ರವೆ, ಅಕ್ಕಿ ಹಿಟ್ಟು, ಮೈದಾ, ಹೆಚ್ಚಿದ ಈರುಳ್ಳಿ ದಂಡಿಯಾಗಿ, ಹಸಿಮೆಣಸಿನಕಾಯಿ, ಕರಿಬೇವು, ಉಪ್ಪು. ಮೊದಲು ಈರುಳ್ಳಿಗೆ ಉಪ್ಪು ಹಾಕಿ ಕಿವುಚಬೇಕು, ಅದು ಬಿಡುವ ನೀರೇ ಹಿಟ್ಟನ್ನು ಅರ್ಧ ಕಲಸುತ್ತದೆ. ಕಾಯಿಸಿದ ಎಣ್ಣೆಯನ್ನೋ ತುಪ್ಪವನ್ನೋ ಹಿಟ್ಟಿನ ಮೇಲೆ ಸುರಿದರೆ ಅಂಚು ಗರಿಯಾಗುತ್ತದೆ. ಇದೆಲ್ಲ ನಾನು ದೊಡ್ಡವಳಾದ ಮೇಲೆ ಕಲಿತದ್ದು. ಅವತ್ತು ಕಂಡದ್ದು ಇಷ್ಟೇ: ಎಣ್ಣೆ ಸವರಿದ ಬಾಳೆಲೆಯ ತುಂಡಿನ ಮೇಲೆ ಅವರು ನಿಂಬೆಹಣ್ಣಿನಷ್ಟು ಹಿಟ್ಟಿಟ್ಟು, ನಾಲ್ಕು ಬೆರಳಲ್ಲಿ ಒತ್ತಿ, ಎಲೆಯನ್ನು ಎಡಗೈ ಮೇಲೆ ಮಗುಚಿ, ಎಣ್ಣೆಯ ದಡದಿಂದ ಜಾರಿಸಿ ಬಿಡುತ್ತಿದ್ದರು. ವಡೆ ಒಮ್ಮೆ ಮುಳುಗಿ, ಉಸಿರು ಕಟ್ಟಿದಂತೆ ತಡೆದು, ಸುತ್ತ ನೊರೆ ಎಬ್ಬಿಸಿಕೊಂಡು ಮೇಲೆ ಬರುತ್ತಿತ್ತು. ಹೆಚ್ಚು ಉರಿ ಮಾಡುತ್ತಿರಲಿಲ್ಲ. ನಿಧಾನಕ್ಕೆ ಬೇಯಬೇಕು.

ಬಾಳೆಲೆಯಲ್ಲಿ ನಮಗೆ ಬಂದದ್ದು ಆ ಬಾಣಲೆಯಿಂದ ಆಗಷ್ಟೇ ಇಳಿದದ್ದು. ಅವ್ವ ಕಲ್ಲುಬೆಂಚಿನ ತುದಿಯಲ್ಲಿ, ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಜನಕ್ಕೆ ಬೆನ್ನು ಮಾಡಿ ಕೂತಳು. ಹೊರಗೆ ಕೂತು ತಿನ್ನುವುದು ಅವಳಿಗೆ ಹೊಸತು. ಮೊದಲ ತುಣುಕು ಸುಟ್ಟಿತು, ಬಾಯಲ್ಲೇ ಆಡಿಸಿದಳು. ಆಮೇಲೆ ಪೂರ್ತಿ ಒಂದು ವಡೆಯನ್ನು, ಯಾರಿಗೂ ತುಂಡು ಮಾಡಿ ಕೊಡದೆ, ತಾನೊಬ್ಬಳೇ ತಿಂದಳು. ನನ್ನ ಕಣ್ಣಮುಂದೆ ಅವ್ವ ಹಾಗೆ ತಿಂದದ್ದು ಅದೇ ಮೊದಲು. ತಿಂದು ಮುಗಿಸಿ ಅಪ್ಪನ ಕಡೆ ತಿರುಗಿ, "ಇದು ಬ್ಯಾರೇದೇ ಕಣ್ರೀ. ನೀವು ಮನ್ಗೆ ತರ್ತಿದ್ದುದೇ ಬ್ಯಾರೆ, ಇದೇ ಬ್ಯಾರೆ" ಅಂದಳು.

ಈ ಬರಹ ಆ ಒಂದು ಮಾತಿನ ಬಗ್ಗೆ.

ಮದ್ದೂರು ವಡೆ ಹುಟ್ಟಿದ ಕತೆ ಮಂಡ್ಯ ಜಿಲ್ಲೆಯವರಿಗೆಲ್ಲ ಗೊತ್ತು. ಕರಾವಳಿ ಕಡೆಯಿಂದ ಬಂದ ರಾಮಚಂದ್ರ ಬುಧ್ಯ ಎನ್ನುವವರು ಇದೇ ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದರಂತೆ. 1917ರಲ್ಲಿ ಒಂದು ದಿನ ರೈಲು ಹೊತ್ತಿಗೆ ಮೊದಲೇ ಬಂದುಬಿಟ್ಟಿತು, ಇಡ್ಲಿಯಿಲ್ಲ, ಕಾಳು ನೆನೆಸಿ ರುಬ್ಬುವುದಕ್ಕೆ ಹೊತ್ತಿಲ್ಲ. ಕೈಗೆ ಸಿಕ್ಕ ಹಿಟ್ಟುಗಳನ್ನೆಲ್ಲ ಈರುಳ್ಳಿಯ ಜೊತೆ ಕಲಸಿ ತಟ್ಟಿ ಎಣ್ಣೆಗೆ ಬಿಟ್ಟರು. ರೈಲಿನವರು ತಿಂದು ಇನ್ನೊಂದು ಕೇಳಿದರು. ಹೇಳುವವರ ಬಾಯಲ್ಲಿ ಕತೆ ಅಷ್ಟಿಷ್ಟು ಬದಲಾಗುತ್ತದೆ, ಆದರೆ ಎಲ್ಲರ ಕತೆಯಲ್ಲೂ ರೈಲು ಇದ್ದೇ ಇರುತ್ತದೆ. ಆಗಿನದು ಉಗಿಬಂಡಿ, ಮೀಟರ್‌ಗೇಜ್ ಹಳಿ. ಮದ್ದೂರಿಗೆ ಬಂದರೆ ಸಾಕಷ್ಟು ಹೊತ್ತು ನಿಲ್ಲುತ್ತಿತ್ತು. ಜನ ಇಳಿದು, ಕೈಕಾಲು ಮುಖ ತೊಳೆದು, ವಡೆ ತಿಂದು, ಕಾಫಿ ಕುಡಿದು, ಬಾಯಿ ಒರೆಸಿಕೊಂಡು ಹತ್ತುವಷ್ಟು ಹೊತ್ತು. ಬಂಡಿ ನಿಂತ ಆ ಬಿಡುವಿನಲ್ಲಿ ಹುಟ್ಟಿದ ತಿಂಡಿ ಇದು. ನೆನೆಸಿದ ಬೇಳೆಯಿಲ್ಲದ್ದರಿಂದ ಬೇಗ ಹಳಸುವುದಿಲ್ಲ, ಪೊಟ್ಟಣ ಕಟ್ಟಿದರೆ ಎರಡು ದಿನಕ್ಕೂ ತಡೆಯುತ್ತದೆ. ಹಾಗಾಗಿ ನಿಂತವರ ಹೊಟ್ಟೆಗೂ ಹೊರಟವರ ಚೀಲಕ್ಕೂ ಸಲ್ಲುತ್ತಿತ್ತು.

ತೊಂಬತ್ತರ ದಶಕದಲ್ಲಿ ಹಳಿ ಬ್ರಾಡ್‌ಗೇಜ್ ಆಯಿತು. ರೈಲು ಜೋರಾಯಿತು, ನಿಲ್ಲುವ ಹೊತ್ತು ನಿಮಿಷಗಳಿಗೆ ಇಳಿಯಿತು. ಮಾರುವವರು ಬುಟ್ಟಿ ಹೊತ್ತು ಡಬ್ಬಿಯೊಳಕ್ಕೇ ಬಂದರು: "ವಡೇ ವಡೇ ಮದ್ದೂರ್ ವಡೇ!" ಆ ಕೂಗಿಗೆ ಅದರದೇ ರಾಗವಿತ್ತು, ಕೊನೆಯ 'ಡೇ' ಮುಂದಿನ ಡಬ್ಬಿಯವರೆಗೂ ಎಳೆಯುತ್ತಿತ್ತು. ಬೆಂಗಳೂರಿಗೆ ಕೆಲಸಕ್ಕೆ ಓಡಾಡುತ್ತಿದ್ದ ಮಂಡ್ಯದವರು ಕಣ್ಣು ಮುಚ್ಚಿಕೊಂಡೇ ಕೂಗಿನ ಮೇಲೆ ಮಾರುವವರ ಗುರುತು ಹಿಡಿಯುತ್ತಿದ್ದರು. ಇವತ್ತು ವಂದೇ ಭಾರತ್ ಮದ್ದೂರಿನಲ್ಲಿ ನಿಲ್ಲುವುದೇ ಇಲ್ಲ. ನಿಲ್ದಾಣದ ಆ ಉಪಾಹಾರ ಮಂದಿರವೂ ಮುಚ್ಚಿದೆ. ನಾನು ಮುಖವಿಟ್ಟು ನೋಡಿದ್ದ ಕಿಟಕಿ ಎಲ್ಲಿತ್ತು ಎಂದು ಈಗ ಹುಡುಕಿದರೆ ಗುರುತು ಸಿಕ್ಕುವುದಿಲ್ಲ.

ಅವತ್ತಿನ ಮದುವೆಯೂಟ ನನಗೆ ನೆನಪಿಲ್ಲ. ಮಾರನೆಯ ದಿನದ್ದು ನೆನಪಿದೆ. ಅಪ್ಪ ನನ್ನನ್ನು ಮಂಡಿ ತೋರಿಸಲು ಕರೆದುಕೊಂಡು ಹೋದರು. ಮಂಡ್ಯ ಎಂದರೆ ಆಗ ಮೂಗಿಗೆ ಮೊದಲು ಸಿಗುವ ಊರು. ಮೈಷುಗರ್ ಕಾರ್ಖಾನೆ 1933ರಿಂದ ಅಲ್ಲಿದೆ. ಕನ್ನಂಬಾಡಿಯ ನಾಲೆ ನೀರು ಬಂದು, ಕಬ್ಬು ಬಂದು, ಅದರ ಬೆನ್ನಿಗೆ ಬಂದದ್ದು ಅದು. ಕಬ್ಬು ಅರೆಯುವ ಕಾಲದಲ್ಲಿ ಊರಿಗೆ ಊರೇ ಸಿಹಿಹುಳಿ ವಾಸನೆ ಹೊತ್ತುಕೊಂಡಿರುತ್ತಿತ್ತು. ಮಂಡಿಯಲ್ಲಿ ಅಚ್ಚುಬೆಲ್ಲದ ರಾಶಿ, ಅದರ ಮೇಲೆ ಜೇನುನೊಣ. ಯಾರೂ ಓಡಿಸುತ್ತಿರಲಿಲ್ಲ. ಬೆಲ್ಲ ಕೊಳ್ಳಲು ಬಂದವರು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಉಗಿದು, ಇನ್ನೊಂದು ರಾಶಿಗೆ ಹೋಗುತ್ತಿದ್ದರು. ಅಪ್ಪ ಮಾತ್ರ ಬೆಲ್ಲವನ್ನು ಬಾಯಿಗೆ ಹಾಕುತ್ತಿರಲಿಲ್ಲ, ಮೂಸುತ್ತಿದ್ದರು. ಪಾಕ ಹೆಚ್ಚಾದದ್ದು, ತಳ ಹಿಡಿದದ್ದು, ಎಳೇ ಕಬ್ಬಿನದು ಎಲ್ಲವೂ ಮೂಗಿಗೇ ತಿಳಿಯುತ್ತಿತ್ತು.

ಮಧ್ಯಾಹ್ನ ಉಣ್ಣಲು ಒಂದು ಮಿಲಿಟರಿ ಹೋಟೆಲು. ಹೆಂಚಿನ ಸೂರು, ಉದ್ದ ಬೆಂಚು, ಗಲ್ಲಾದ ಹಿಂದೆ ಮಾದಪ್ಪನ ಪಟ. ಹೆಂಗಸರು ಮಕ್ಕಳು ಬಂದರೆ ಕೂರಿಸಲು ಪಕ್ಕದಲ್ಲಿ ಹೂವಿನ ಪರದೆ ಬಿಟ್ಟ ಒಂದು ಸಣ್ಣ ಕೋಣೆ. ಅಪ್ಪ ನನ್ನನ್ನು ಅಲ್ಲಿ ಕೂರಿಸಿ ತಾವೂ ಎದುರಿಗೆ ಕೂತರು. ಬಡಿಸುವಾತ ಪರದೆ ಸರಿಸಿ ಇಣುಕಿ, "ಮಗೀಗೆ ಮುದ್ದೆ ಬಿಡ್ಲಾ, ಅನ್ನ ಇಕ್ಲಾ?" ಎಂದು ಕೇಳಿದ. ಮುದ್ದೆ ಎಂದೆ. ಅಡುಗೆಮನೆಯಲ್ಲಿ ದೊಡ್ಡ ಹಂಡೆಯನ್ನು ಎರಡು ಕಾಲಲ್ಲಿ ಒತ್ತಿ ಹಿಡಿದು ಕೋಲಿನಲ್ಲಿ ತಿರುವುವ ಸದ್ದು ಗೋಡೆಯ ಆಚೆಯಿಂದ ಕೇಳುತ್ತಿತ್ತು. ಬಂದದ್ದು ನನ್ನ ಎರಡು ಮುಷ್ಟಿಯಷ್ಟು ದಪ್ಪ, ಬೆಳಕು ಬಿದ್ದರೆ ಮಿಂಚುವ ಮುದ್ದೆ. ಜೊತೆಗೆ ಮಾಂಸದ ಸಾರು. ಎಣ್ಣೆ ತೇಲಿಸಿದ್ದಲ್ಲ, ಮೆಣಸು, ಧನಿಯ, ಹುರಿಗಡಲೆ, ತೆಂಗಿನಕಾಯಿ ಅರೆದು ತೆಳ್ಳಗೆ ಕುದಿಸಿದ್ದು. ಮುದ್ದೆಯನ್ನು ಅಗಿಯಬಾರದು ಎನ್ನುವುದು ಮನೆಯಲ್ಲೇ ಕಲಿತಿದ್ದೆ. ಚಿವುಟಿ, ಹೆಬ್ಬೆರಳಲ್ಲಿ ಗುಳಿ ಮಾಡಿ, ಸಾರಿನಲ್ಲಿ ಅದ್ದಿ, ನುಂಗಬೇಕು. ಕೈ ತೊಳೆಯಲು ಹೋಗುವಾಗ ಬಡಿಸುವಾತ ಗಲ್ಲಾದವರಿಗೆ ಕೂಗಿದ: "ಮಂಡಿಯವ್ರದು, ಎಲ್ಡು ಮುದ್ದೆ, ಒಂದ್ ಅನ್ನ, ಒಂದ್ ಚಾಪ್ಸು!" ಚೀಟಿ ಇಲ್ಲ, ಬಿಲ್ಲಿಲ್ಲ. ಗಿರಾಕಿಯ ಹೆಸರಾಗಲಿ ಕಸುಬಾಗಲಿ ಗೊತ್ತಿದ್ದೇ ಲೆಕ್ಕ ಹೇಳುತ್ತಿದ್ದರು.

ವೈದ್ಯರೂ ಕತೆಗಾರರೂ ಆಗಿದ್ದ ಬೆಸಗರಹಳ್ಳಿ ರಾಮಣ್ಣನವರನ್ನು ಓದುವಾಗಲೆಲ್ಲ ನನ್ನ ಕಿವಿಗೆ ಬೀಳುವುದು ಆ ಪರದೆಯಾಚೆಯ ದನಿಗಳೇ. ಅದೇ ಸೀಮೆಯ ಮಾತು, ಅದೇ ಗಂಟಲು.

ಮುದ್ದೆ ಮಾಯವಾಗುತ್ತಿದೆ ಎಂದು ನಾನು ಹೇಳುತ್ತಿಲ್ಲ. ಹೇಳಿದರೆ ಸುಳ್ಳಾಗುತ್ತದೆ. ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ 'ಮಂಡ್ಯ ಶೈಲಿ', 'ನಾಟಿ ಶೈಲಿ' ಎಂಬ ಬೋರ್ಡು ಇದೆ. ನನ್ನ ಅಪ್ಪನ ಕಾಲದಲ್ಲಿ ರಾಗಿ ತಿನ್ನುವವರೆಂದು ಕೀಳಾಗಿ ನೋಡುತ್ತಿದ್ದ ಪೇಟೆಯವರ ಮಕ್ಕಳು ಈಗ ಸಾಲಿನಲ್ಲಿ ನಿಂತು ಮುದ್ದೆ ತಿನ್ನುತ್ತಾರೆ. ನನಗೆ ಅದು ಸಂತೋಷ. ಹೋದದ್ದು ಇನ್ನೊಂದು. ಆ ಹೋಟೆಲಿನಲ್ಲಿ ಮಧ್ಯಾಹ್ನ ಎರಡೂವರೆಗೆ ಪಾತ್ರೆ ಖಾಲಿಯಾಗುತ್ತಿತ್ತು, ಆಮೇಲೆ ಬಂದವರಿಗೆ ಕೈಮುಗಿದು ಇಲ್ಲ ಎನ್ನುತ್ತಿದ್ದರು. ಅವತ್ತು ಬೆಳಿಗ್ಗೆ ಸಿಕ್ಕಿದ ಮಾಂಸ, ಅವತ್ತಿನ ಸಾರು. ಅವರೆಕಾಯಿ ಕಾಲದಲ್ಲಿ ಹಿಸುಕಿದ ಬೇಳೆ ಬಿದ್ದ ಸಾರು, ಅವರೆ ಮುಗಿದರೆ ಮುಗಿಯಿತು. ಸೋಮವಾರ ಮಾಂಸವಿಲ್ಲ. ಆವತ್ತು ಉಪ್ಪೆಸರು: ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟು ಒಂದು ಬಟ್ಟಲಲ್ಲಿ, ಕಲ್ಲಿನಲ್ಲಿ ಅರೆದ ಖಾರ ಎಲೆಯ ತುದಿಯಲ್ಲಿ, ಎಷ್ಟು ಬೇಕೋ ಅಷ್ಟು ನೀವೇ ಕದಡಿಕೊಳ್ಳಬೇಕು. ಈಗ ಮಂಡ್ಯದ ಹೋಟೆಲಿಗೆ ಯಾವ ಹೊತ್ತಿಗೆ ಹೋದರೂ ಎಲ್ಲವೂ ಸಿಗುತ್ತದೆ. ಎಲ್ಲ ಕಡೆ ಸಾರಿನ ಬಣ್ಣ ಒಂದೇ. ತಟ್ಟೆಯ ಮುಂದೆ ಕಣ್ಣು ಮುಚ್ಚಿ ಕೂತರೆ ಮಂಡ್ಯವೋ, ಬೆಂಗಳೂರಿನ ರಾಜಾಜಿನಗರವೋ ತಿಳಿಯುವುದಿಲ್ಲ.

ಆಲೆಮನೆಯ ಮಾತೂ ಹೀಗೆಯೇ. ನಮ್ಮ ಹಳ್ಳಿಯಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಎರಡು ಆಲೆಮನೆಗಳಿದ್ದವು. ಚಳಿಗಾಲದ ಬೆಳಿಗ್ಗೆ ಶಾಲೆಗೆ ಹೋಗುವಾಗ ಕೊಪ್ಪರಿಗೆಯ ಹೊಗೆ ರಸ್ತೆಗೆ ಅಡ್ಡ ಮಲಗಿರುತ್ತಿತ್ತು. ದಾರಿಹೋಕರನ್ನು ಬರಿಗೈಲಿ ಕಳಿಸುವುದು ಆಲೆಮನೆಗೆ ಅಶುಭ. "ಬಾರವ್ವ, ಆಲು ಕುಡ್ಕೊ ಓಗು" ಎಂದು ಕರೆದು ಕಬ್ಬಿನ ಹಾಲು ಕೊಡುತ್ತಿದ್ದರು. ಪಾಕ ಹದಕ್ಕೆ ಬಂದ ಹೊತ್ತಾದರೆ, ಕಬ್ಬಿನ ಜಲ್ಲೆಯ ತುದಿಯನ್ನು ಅದರಲ್ಲಿ ಅದ್ದಿ ಸುತ್ತಿ, ಬಂಗಾರದ ಬಣ್ಣದ ಬಿಸಿ ಬೆಲ್ಲವನ್ನು ಕಡ್ಡಿ ಸಮೇತ ಕೈಗಿಡುತ್ತಿದ್ದರು. ತುಟಿ ಸುಡುತ್ತಿತ್ತು, ಬಿಡಲು ಆಗುತ್ತಿರಲಿಲ್ಲ. ಹಾಲಿನ ಕೊಳೆ ತೆಗೆಯಲು ಬೆಂಡೆ ಗಿಡದ ಕಾಂಡ ಜಜ್ಜಿ ಅದರ ಲೋಳೆ ಬಿಡುತ್ತಿದ್ದರು. ಬೆಲ್ಲ ಕಪ್ಪಗೆ ಕಂದಾಗಿ ಬರುತ್ತಿತ್ತು. ಪೇಟೆಗೆ ಹಳದಿ ಬೆಲ್ಲ ಬೇಕಾಯಿತು, ಆಮೇಲೆ ಬೆಳ್ಳಗಿನದು ಬೇಕಾಯಿತು. ಬೆಂಡೆಯ ಜಾಗಕ್ಕೆ ಹೈಡ್ರೋಸ್ ಎಂಬ ಮದ್ದು ಬಂತು, ಕೆಲವು ಕಡೆ ಕಬ್ಬಿನ ಹಾಲಿನ ಜೊತೆಗೆ ಸಕ್ಕರೆಯೂ ಕೊಪ್ಪರಿಗೆಗೆ ಬಿತ್ತು. ಮೂಸಿ ಬೆಲ್ಲ ಗುರುತಿಸುತ್ತಿದ್ದ ಅಪ್ಪ ಕೊನೆಕೊನೆಗೆ ಮೂಸುವುದನ್ನೇ ಬಿಟ್ಟಿದ್ದರು. "ವಾಸ್ನೆನೇ ಇಲ್ವಲ್ಲವ್ವ, ಏನ್ ಮೂಸ್ಲಿ" ಎಂದಿದ್ದರು ಒಮ್ಮೆ. ಈಗ ಮತ್ತೆ ಕೆಲವರು ಮದ್ದು ಹಾಕದೆ ಬೆಲ್ಲ ಮಾಡುತ್ತಿದ್ದಾರೆ, ಅದನ್ನು ಹುಡುಕಿಕೊಂಡು ಹೋಗಬೇಕು. ದಾರಿಯಲ್ಲಿ ಕರೆದು ಕೈಗಿಡುವವರು ಕಾಣಲಿಲ್ಲ.

ಇನ್ನು ಮಳವಳ್ಳಿ. ಹೊರಗಿನವರಿಗೆ ಅದು ಗಗನಚುಕ್ಕಿಗೆ, ಮುತ್ತತ್ತಿಗೆ ಹೋಗುವಾಗ ಹಾದುಹೋಗುವ ಊರು. ಮಾಂಸ ತಿನ್ನುವವರಿಗೆ ಮಾತ್ರ ಗೊತ್ತು, ಬಂಡೂರು ಈ ತಾಲ್ಲೂಕಿನ ಹಳ್ಳಿ ಎಂದು. ಪೇಟೆಯಲ್ಲಿ ಬನ್ನೂರು ಕುರಿ ಎನ್ನುವುದು ಬಂಡೂರಿನ ಕುರಿಯನ್ನೇ. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ಎರಡು ತೊಡೆಯ ನಡುವೆ ಬೋರಲಿಟ್ಟ ಬಟ್ಟಲಿನ ಆಕಾರ. ಕೊಬ್ಬು ಮಾಂಸದ ಎಳೆಯೊಳಗೇ ಸೇರಿಕೊಂಡಿರುತ್ತದೆ, ಹಾಗಾಗಿ ಬೇಗ ಬೇಯುತ್ತದೆ, ಎಣ್ಣೆ ಬೇಡ. ಹಬ್ಬದ ಮಾರನೆಯ ದಿನ ನಮ್ಮ ಮನೆಯಲ್ಲಿ ಸಾರು ಕುದಿಯುತ್ತಿದ್ದರೆ ಬೀದಿಯ ಕೊನೆಗೆ ಗೊತ್ತಾಗುತ್ತಿತ್ತು. ಅಪ್ಪಟ ತಳಿ ಈಗ ಬಹಳ ಕಡಿಮೆ. ಬೇಗ ಬೆಳೆದು ಹೆಚ್ಚು ತೂಗುವ ತಳಿಗಳ ಜೊತೆ ಬೆರೆತುಹೋಗಿದೆ. ಉಳಿದ ಅಪ್ಪಟ ಟಗರನ್ನು ಜನ ಸಾಕಿ ಮೆರವಣಿಗೆ ಮಾಡುತ್ತಾರೆ, ದುಬಾರಿ ಬೆಲೆಗೆ ಮಾರುತ್ತಾರೆ. ತಟ್ಟೆಗೆ ಬರುವುದು ಅಪರೂಪ. ಬೋರ್ಡಿನ ಮೇಲೆ ಮಾತ್ರ ಎಲ್ಲ ಊರಿನಲ್ಲೂ ಬನ್ನೂರು ಕುರಿಯೇ.

ನನ್ನ ತಂಗಿಯ ಮಗಳು ಯೂರೋಪಿನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿಯವರಿಗೆ ಒಂದು ರೂಢಿ: ಶುಕ್ರವಾರ ಕೆಲಸ ಮುಗಿಸಿ, ಎರಡು ದಿನಕ್ಕೆ ಯಾವುದೋ ಒಂದು ಊರಿಗೆ ಹೋಗಿ, ಆ ಊರಿನದನ್ನು ತಿಂದು, ಭಾನುವಾರ ರಾತ್ರಿ ವಾಪಸು. ಹೋದ ವರ್ಷ ಅವಳು ಗೆಳತಿಯರ ಜೊತೆ ಸ್ಪೇನಿನ ಉತ್ತರ ಕಡಲ ದಂಡೆಯ ಸಾನ್ ಸೆಬಾಸ್ಟಿಯನ್‌ಗೆ ಹೋಗಿದ್ದಳು. ಬೀದಿಯಿಂದಲೇ ವಿಡಿಯೋ ಕರೆ ಮಾಡಿದಳು. ಹಳೇ ಪೇಟೆಯ ಓಣಿಗಳ ತುಂಬ ಸಣ್ಣ ಸಣ್ಣ ಅಂಗಡಿ. ಕಟ್ಟೆಯ ಮೇಲೆ ತಟ್ಟೆಗಳಲ್ಲಿ ಬ್ರೆಡ್ಡಿನ ತುಂಡು, ಅದರ ಮೇಲೆ ಮೀನೋ ಅಣಬೆಯೋ ಮೆಣಸಿನಕಾಯಿಯೋ, ಎಲ್ಲವನ್ನೂ ಹಿಡಿದಿಡಲು ಒಂದು ಕಡ್ಡಿ. ಪಿಂಚೋ ಎನ್ನುತ್ತಾರಂತೆ. ಒಂದು ಅಂಗಡಿಯಲ್ಲಿ ನಿಂತು ಒಂದು ತಿನ್ನುವುದು, ಮುಂದಿನದಕ್ಕೆ ನಡೆಯುವುದು, ಅಲ್ಲಿ ಇನ್ನೊಂದು. ಕೆಲವು ಕಡೆ ತಟ್ಟೆಯಲ್ಲಿ ಉಳಿದ ಕಡ್ಡಿ ಎಣಿಸಿ ದುಡ್ಡು ತೆಗೆದುಕೊಳ್ಳುತ್ತಾರೆ ಎಂದು ಅವಳು ಕಡ್ಡಿ ಎತ್ತಿ ತೋರಿಸಿದಳು. ಹಿಂದೆ ಸಂಜೆಯ ಗದ್ದಲ, ಮುದುಕರು, ಮಕ್ಕಳು, ಎಲ್ಲರೂ ನಿಂತೇ ತಿನ್ನುತ್ತಿದ್ದರು. "ದೊಡ್ಡಮ್ಮ, ಇದನ್ನ ಬೇರೆ ಊರಲ್ಲೂ ತಿಂದಿದೀನಿ. ಆದ್ರೆ ಇದು ಬೇರೆನೇ" ಅಂದಳು.

ಅವಳು ಹುಟ್ಟುವ ಮೊದಲೇ ಅವ್ವ ತೀರಿಕೊಂಡಿದ್ದಳು. ಅವ್ವನ ಮಾತು ಅವಳ ಬಾಯಿಗೆ ಹೇಗೆ ಬಂತೋ! ಫೋನಿಟ್ಟ ಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅವಳು ಓಣಿಯಿಂದ ಓಣಿಗೆ ಹೋಗಿ ತಿಂದ ಹಾಗೆ ನಾವು ಊರಿಂದೂರಿಗೆ ತಿನ್ನುತ್ತಿದ್ದೆವಲ್ಲ. ಮೈಸೂರು ರಸ್ತೆಯೇ ನಮಗೆ ಆ ಓಣಿಯಾಗಿತ್ತು. ಚನ್ನಪಟ್ಟಣದ ಬೊಂಬೆ ಅಂಗಡಿ ದಾಟಿದರೆ ಬಸ್ಸು ನಿಧಾನವಾಗುವಲ್ಲೆಲ್ಲ ಕಿಟಕಿಗೆ ಸೌತೆಕಾಯಿ, ಸೀಬೆಹಣ್ಣು, ಬೇಯಿಸಿದ ಕಡಲೆಕಾಯಿ. 1938ರಲ್ಲಿ ಧ್ವಜ ಸತ್ಯಾಗ್ರಹ ನಡೆದ ಶಿವಪುರ ಬಂತೆಂದರೆ ಅಪ್ಪ ನಮ್ಮ ತಲೆಯನ್ನು ಆ ಕಡೆ ತಿರುಗಿಸಿ ತೋರಿಸುತ್ತಿದ್ದರು. ಮದ್ದೂರಿನಲ್ಲಿ ಎಳನೀರು. ಕೊಚ್ಚುವಾತ ನೀರು ಕುಡಿದು ಮುಗಿಯುವವರೆಗೆ ಕಾದು, ಬುರುಡೆಯನ್ನು ಸೀಳಿ, ಅದರ ಸಿಪ್ಪೆಯನ್ನೇ ಚಮಚ ಮಾಡಿ ಗಂಜಿ ಕೆರೆದುಕೊಡುತ್ತಿದ್ದ. ರೈಲಿನಿಂದ ವಡೆ ರಸ್ತೆಗೂ ಬಂದಿತ್ತು. ನಿಲ್ದಾಣದಲ್ಲಿ ವಡೆ ಮಾರಿದ ಮನೆತನದವರೇ 1987ರಲ್ಲಿ ಹೆದ್ದಾರಿ ಬದಿಯಲ್ಲಿ ಮದ್ದೂರು ಟಿಫಾನೀಸ್ ತೆರೆದರು. ಬೆಂಗಳೂರು ಮೈಸೂರು ನಡುವೆ ಹೋಗಿಬರುವ ಕಾರುಗಳಿಗೆಲ್ಲ ಅದು ತಂಗುದಾಣವಾಯಿತು. ಮದುವೆ ದಿಬ್ಬಣ, ದಸರಾ ನೋಡಲು ಹೊರಟವರು, ಹನಿಮೂನಿಗೆ ಊಟಿಗೆ ಹೊರಟ ಹೊಸ ಜೋಡಿ, ಎಲ್ಲರೂ ಅಲ್ಲಿ ಇಳಿದು ವಡೆ ತಿಂದು ಕಾಫಿ ಕುಡಿದು ಹೋಗುತ್ತಿದ್ದರು. ಅದನ್ನು ನೋಡಿ ಸಾಲುಸಾಲಾಗಿ ಇನ್ನಷ್ಟು ಹೋಟೆಲು ಎದ್ದವು.

2023ರ ಮಾರ್ಚ್ 12ರಂದು ಪ್ರಧಾನಿಯವರು ಮಂಡ್ಯಕ್ಕೆ ಬಂದು ಹೊಸ ಹೆದ್ದಾರಿಯನ್ನು ಉದ್ಘಾಟಿಸಿದರು. ಸುಮಾರು 8,480 ಕೋಟಿ ರೂಪಾಯಿ ಖರ್ಚಿನ, 118 ಕಿಲೋಮೀಟರಿನ ದಾರಿ. ಮೂರು ಗಂಟೆಯ ಪ್ರಯಾಣ ಸುಮಾರು 75 ನಿಮಿಷಕ್ಕೆ ಇಳಿಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಒಂದು ಊರನ್ನೂ ಮುಟ್ಟದೆ ಮೈಸೂರು ಸೇರಬಹುದು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅದರ ಮೇಲೆ ಪ್ರವೇಶವಿಲ್ಲ. ಕಬ್ಬು ತುಂಬಿದ ಗಾಡಿಯಿಂದ ಕಬ್ಬು ಎಳೆದುಕೊಂಡು ತಿಂದ ಮಕ್ಕಳು ನಾವು. ಮಂಡ್ಯದ ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರೇ ಇಲ್ಲದಿರುವುದನ್ನು ನೋಡಿದಾಗ ಒಂದು ಕ್ಷಣ ಯಾವ ಸೀಮೆಯಲ್ಲಿದ್ದೇನೆ ಎಂದು ತಿಳಿಯಲಿಲ್ಲ.

ರಸ್ತೆಯನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ಅಪ್ಪನಿಗೆ ಎದೆನೋವು ಬಂದಾಗ ಮಂಡ್ಯದಿಂದ ಬೆಂಗಳೂರಿಗೆ ಕರೆದೊಯ್ಯಲು ಹಳೇ ರಸ್ತೆಯಲ್ಲಿ ನಾಲ್ಕು ಗಂಟೆ ಹಿಡಿದಿತ್ತು. ಅವತ್ತು ಈ ದಾರಿಯಿದ್ದಿದ್ದರೆ ಎಂದು ಎಷ್ಟೋ ರಾತ್ರಿ ಅಂದುಕೊಂಡಿದ್ದೇನೆ. ಆದರೆ ಬೇಗ ತಲುಪಬೇಕಾದವರ ಜೊತೆಗೆ, ಬೇಗ ತಲುಪಬೇಕಾಗಿಲ್ಲದವರೂ ಅದರ ಮೇಲೇ ಹೋಗುತ್ತಾರೆ. ತಿನ್ನಲೆಂದೇ ಹೊರಟವರೂ ಮೇಲಿನಿಂದಲೇ ಹಾದುಹೋಗುತ್ತಾರೆ. ಹಳೇ ರಸ್ತೆಯ ಹೋಟೆಲುಗಳು ಒಂದೊಂದಾಗಿ ಶಟರ್ ಎಳೆದದ್ದನ್ನು ನಾನು ಹೋದಾಗಲೆಲ್ಲ ನೋಡಿದ್ದೇನೆ. ಬೋರ್ಡು ಹಾಗೇ ಇರುತ್ತದೆ, ಕೆಳಗೆ ಬೀಗ. ಸೌತೆಕಾಯಿ ಮಾರುತ್ತಿದ್ದ ಹೆಂಗಸರು ಎಲ್ಲಿ ಹೋದರು ಎಂದು ಕೇಳಿದರೆ, ಗಾರ್ಮೆಂಟ್ಸಿಗೆ ಎಂದು ಒಬ್ಬರು ಹೇಳಿದರು.

ವಡೆಗೇನೂ ಆಗಿಲ್ಲ. ಬೆಂಗಳೂರಿನಲ್ಲಿ ನಮ್ಮ ಮನೆಯ ಮೂಲೆಯ ಬೇಕರಿಯಲ್ಲಿ ಐದರ ಪಾಕೀಟು ಸಿಗುತ್ತದೆ. ಬಿಸ್ಕತ್ತಿನಂತೆ ಅಂಚಿನಿಂದ ಅಂಚಿಗೆ ಒಂದೇ ಸಮ ಗಟ್ಟಿ. ಮೆತ್ತಗಿನ ನಡು ಇಲ್ಲ. ನಡು ಮೆತ್ತಗಿದ್ದರೆ ಪಾಕೀಟಿನಲ್ಲಿ ತಡೆಯುವುದಿಲ್ಲವಲ್ಲ. ಅಜ್ಜಿ ಇದ್ದಿದ್ದರೆ ಅವಳಿಗೆ ಅದರಲ್ಲಿ ತಿನ್ನುವುದಕ್ಕೆ ಏನೂ ಸಿಗುತ್ತಿರಲಿಲ್ಲ.

ಈ ಸಲ ಮಹಾಲಯಕ್ಕೆ ಊರಿಗೆ ಹೋಗಿದ್ದೆ. ಹಿರಿಯರಿಗೆ ಎಡೆ ಇಟ್ಟು ಬರುವಾಗ ಕಾರು ಬೇಡ ಎಂದು ತಮ್ಮನಿಗೆ ಹೇಳಿ, ಮಳವಳ್ಳಿಯಲ್ಲಿ ಬಸ್ಸು ಹತ್ತಿದೆ. ಮದ್ದೂರಿನಲ್ಲಿ ಇಳಿದು, ಅವ್ವನನ್ನು ಅಪ್ಪ ನಡೆಸಿಕೊಂಡು ಹೋದ ದಾರಿಯಲ್ಲೇ ನಿಲ್ದಾಣಕ್ಕೆ ಹೋದೆ. ಸಂಜೆಯ ಪ್ಯಾಸೆಂಜರ್ ಬರುವುದರಲ್ಲಿತ್ತು. ಬಂತು, ಎರಡು ನಿಮಿಷ ನಿಂತಿತು. ಹತ್ತುವವರ ನೂಕುನುಗ್ಗಲಿನ ನಡುವೆ ಒಂದು ಡಬ್ಬಿಯಿಂದ ಇಳಿದು ಇನ್ನೊಂದಕ್ಕೆ ಹತ್ತುತ್ತಿದ್ದ ಬುಟ್ಟಿಯೊಂದು ಕಂಡಿತು. ಬಿಳೀ ಕೂದಲಿನವರು. ಕೂಗಿ ಕರೆದೆ. ಅವರು ಮೆಟ್ಟಿಲ ಮೇಲೆ ನಿಂತೇ ಪೇಪರಿನ ಪೊಟ್ಟಣ ಕೈಗಿಟ್ಟರು. ನಾನು ಕೊಟ್ಟ ನೋಟಿಗೆ ಚಿಲ್ಲರೆ ಕೊಡಲು ಅವರು ಜೇಬು ತಡಕುವಷ್ಟರಲ್ಲಿ ರೈಲು ಜರುಗಿತು. "ಇರ್ಲಿ ಬುಡಿ, ಇನ್ನೊಂದ್ಸಲ ಸಿಕ್ದಾಗ" ಎಂದು ನಾನೇ ಕೂಗಿದೆ. ಅವರು ಬಾಗಿಲಲ್ಲಿ ನಿಂತು, ಕೈ ಎತ್ತಿ ನಕ್ಕು, "ಇನ್ನೆಲ್ ಸಿಕ್ತೀರವ್ವ!" ಎಂದರು. ರಾಗ ಎಳೆಯುವುದು ಆಮೇಲೆ ಕೇಳಿಸಿತು, ಮುಂದಿನ ಡಬ್ಬಿಯಿಂದ.

ನಾನು ಹತ್ತಬೇಕಾಗಿದ್ದುದೂ ಅದೇ ರೈಲು. ಕಲ್ಲುಬೆಂಚಿನ ಮೇಲೆ ಕೂತು ಪೊಟ್ಟಣ ಬಿಚ್ಚಿದೆ. ಎರಡು ವಡೆ. ಬೆಳಿಗ್ಗೆ ಎಲ್ಲೋ ಕರಿದದ್ದು, ತಣ್ಣಗಿತ್ತು. ಒಂದನ್ನು ಅಲ್ಲೇ ತಿಂದೆ. ಇನ್ನೊಂದನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡೆ. ಬಸ್ಸಿನಲ್ಲಿ ಬೆಂಗಳೂರು ತಲುಪುವಾಗ ರಾತ್ರಿ ಹನ್ನೊಂದಾಗಿತ್ತು, ಯಜಮಾನರು ಮಲಗಿದ್ದರು.

ಬೆಳಿಗ್ಗೆ ಕಾವಲಿ ಇಟ್ಟು, ಎಣ್ಣೆ ಸೋಕಿಸದೆ, ಎರಡೂ ಮಗ್ಗುಲು ತಿರುವಿದೆ. ಮನೆ ತುಂಬ ಈರುಳ್ಳಿಯ ವಾಸನೆ. "ಯಾವಾಗ ತಂದೆ?" ಎಂದು ಕೇಳುತ್ತಾ ಯಜಮಾನರು ಅಡುಗೆಮನೆಯ ಬಾಗಿಲಿಗೆ ಬಂದರು. ತಟ್ಟೆಯನ್ನು ಅವರತ್ತ ಸರಿಸುವಾಗ ನೋಡಿಕೊಂಡೆ. ಇರುವುದು ನಾವಿಬ್ಬರೇ, ವಡೆ ನಾಲ್ಕು ತುಂಡಾಗಿತ್ತು.